ವಾರ್ಷಿಕ ತಪಾಸಣೆಗೆ ಎರಡು ಬಿಲ್: ಸಹಾಯ ಬೇಕು
ಎಲ್ಲರಿಗೂ ನಮಸ್ಕಾರ. ಅಮೆರಿಕದ 2010ರ ಆರೋಗ್ಯ ಕಾಯ್ದೆಯಂತೆ, ವಿಮಾ ಕಂಪನಿಯೊಂದಿಗೆ ಒಪ್ಪಂದವಿರುವ, ಅಂದರೆ ನೆಟ್‌ವರ್ಕ್‌ನೊಳಗಿನ ವೈದ್ಯರಲ್ಲಿ ವಾರ್ಷಿಕ ತಪಾಸಣೆಗೆ ಕೈಯಿಂದ ಹಣ ಕೊಡಬೇಕಿಲ್ಲವೆಂದು ನಂಬಿ, 46 ವರ್ಷದ ನನ್ನ ಪತ್ನಿಯನ್ನು ನ್ಯೂಜೆರ್ಸಿಯ ನಮ್ಮ ಕುಟುಂಬ ವೈದ್ಯರ ಬಳಿ ಕರೆದೊಯ್ದಿದ್ದೆ. ಹೊರಡುವ ಹೊತ್ತಿಗೆ ಆಕೆ ಮಂಡಿನೋವಿನ ಮಾತೆತ್ತಿದಳು. ವೈದ್ಯರು ಮಂಡಿಯನ್ನು ಎರಡು ಸಲ ಮಡಿಸಿ ನೋಡಿ ಮುಲಾಮು ಬರೆದುಕೊಟ್ಟರು, ಅಷ್ಟೇ. ಬಂದಿರುವ ಬಿಲ್ಲಿನಲ್ಲಿ 99396 ಕೋಡಿನ ತಪಾಸಣೆಗೆ ಸೊನ್ನೆ ಇದ್ದರೂ, ಅದರ ಕೆಳಗೇ 99213 ಎಂದು, ಅಂದರೆ ಕಾಯಿಲೆಗಾಗಿ ವೈದ್ಯರನ್ನು ಕಂಡ ಭೇಟಿಯ ಕೋಡನ್ನು ಬರೆದು, ಅದೇ ದಿನದ ಪ್ರತ್ಯೇಕ ಭೇಟಿ ಎಂದು ಸೂಚಿಸುವ 25 ಎಂಬ ಬಾಲವನ್ನೂ ಅಂಟಿಸಿ, 140 ಡಾಲರನ್ನು, ವಿಮೆ ಕೊಡಲು ಶುರುಮಾಡುವ ಮೊದಲು ನಾವೇ ಭರಿಸಬೇಕಾದ ಮೊತ್ತವಾದ ಡಿಡಕ್ಟಿಬಲ್‌ಗೆ ಹಾಕಿದ್ದಾರೆ. ವಿಮೆಯವರು ಕ್ಲಿನಿಕ್ಕಿನತ್ತ, ಕ್ಲಿನಿಕ್ಕಿನವರು ವಿಮೆಯವರತ್ತ ಕೈ ತೋರಿಸುತ್ತಿದ್ದಾರೆ. ಒಂದೇ ಭೇಟಿಗೆ ಎರಡು ಶುಲ್ಕ ಹಾಕಲು ಅವಕಾಶವಿದೆಯೆಂಬುದು ಈಗ ತಿಳಿದಿದೆ. ಆದರೆ ಇಷ್ಟು ಚಿಕ್ಕ ವಿಚಾರಣೆಯೂ ಪ್ರತ್ಯೇಕ ಭೇಟಿ ಎನಿಸುವುದೇ? ವೈದ್ಯರ ಟಿಪ್ಪಣಿ ತರಿಸಿಕೊಂಡು ಕ್ಲಿನಿಕ್ಕಿನಲ್ಲೇ ಕೋಡಿನ ಮರುಪರಿಶೀಲನೆ ಕೇಳಬೇಕೇ, ಅಥವಾ ನೇರವಾಗಿ ವಿಮಾ ಕಂಪನಿಗೆ ಮೇಲ್ಮನವಿ ಸಲ್ಲಿಸಬೇಕೇ?