ಗುಂಗುರು ಕೂದಲಿಗೆ ಕರಾವಳಿಯಲ್ಲಿ ಎಂತ ಮಾಡುವುದು?

ಕೇಳಿದ್ದು: ಮಗಳಿಗೆ ದಟ್ಟ ಗುಂಗುರು ಕೂದಲು. ಬೆಂಗಳೂರಿನಲ್ಲಿ ಚಂದ ಸುರುಳಿ ನಿಲ್ಲುತ್ತಿತ್ತು, ಮಂಗಳೂರಿನ ಕದ್ರಿಗೆ ಬಂದ ಮೇಲೆ ಮಧ್ಯಾಹ್ನದೊಳಗೆ ಪೊದೆ. ಮನೆಯಲ್ಲಿ ಬೋರ್‌ವೆಲ್ ನೀರು. ಸ್ಟ್ರೇಟನಿಂಗ್ ಬೇಡ. ತಿಳಿದವರು ಹೇಳಿ.

ಉತ್ತರ: ಹಚ್ಚುವ ಕ್ರೀಮಿನ ಹಿಂಬದಿ ಓದಿ. ಮೊದಲ ನಾಲ್ಕೈದು ಹೆಸರುಗಳಲ್ಲಿ ಗ್ಲಿಸರಿನ್ ಅಥವಾ ಜೇನು ಉಂಟಾ? ಅವು ಗಾಳಿಯ ನೀರನ್ನು ಎಳೆದು ಕೂದಲೊಳಗೆ ತುಂಬುತ್ತವೆ, ಎಳೆ ಉಬ್ಬುತ್ತದೆ, ಸುರುಳಿ ಬಿಡುತ್ತದೆ. ಬೆಂಗಳೂರಿನ ಹವೆಗೆ ಅಡ್ಡಿಯಿಲ್ಲ. ಇಲ್ಲಿ ಮಳೆಗಾಲ ಮುಗಿಯುವವರೆಗೆ ಅದನ್ನು ಬದಿಗಿಡಿ.

ಉತ್ತರ: ನೀರನ್ನೂ ನೋಡಿ. ಒಂದು ಬಕೆಟ್ ಬೋರ್ ನೀರು ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ತಳದಲ್ಲಿ ಕೆಂಪು ಮಡ್ಡಿ ಕಂಡರೆ ಕಬ್ಬಿಣ ಹೆಚ್ಚು. ಅದು ಕೂದಲ ಮೇಲೆ ಕೂತರೆ ಎಷ್ಟು ಕಂಡೀಷನರ್ ಹಾಕಿದರೂ ಒರಟೇ. ಕೊನೆಯ ಎರಡು ಚೊಂಬು ಮಾತ್ರ ಬಾವಿ ನೀರು, ಇಲ್ಲವೇ ತುಂಬೆ ಅಣೆಕಟ್ಟಿನಿಂದ ಬರುವ ಪಾಲಿಕೆಯ ನಲ್ಲಿ ನೀರು ಹಾಕಿದರೂ ಸಾಕು. ಮಳೆಗಾಲದಲ್ಲಿ ಮಾಡಿನಿಂದ ಇಳಿಯುವ ಮಳೆನೀರು ಇನ್ನೂ ಒಳ್ಳೆಯದು, ಆದರೆ ಮೊದಲ ಮಳೆಯದ್ದು ಬೇಡ. ಕಡಲ ಬದಿಯ ಬಾವಿಯಾದರೆ ಏಪ್ರಿಲ್-ಮೇಯಲ್ಲಿ ಉಪ್ಪಾಗಿದೆಯಾ ಎಂದು ನಾಲಿಗೆಗೆ ಹಾಕಿ ನೋಡಿ.

ಉತ್ತರ: ಅಗಸೆಬೀಜದ ಜೆಲ್ ಮಾಡಿಕೊಳ್ಳಿ. ಕಾಲು ಕಪ್ ಬೀಜ, ಎರಡು ಕಪ್ ನೀರು, ಮಧ್ಯಮ ಉರಿ, ಕೈ ಬಿಡದೆ ತಿರುವುವುದು. ಏಳೆಂಟು ನಿಮಿಷಕ್ಕೆ ಬಿಳಿ ನೊರೆ ಬಂದು, ಸೌಟಿನಿಂದ ಮೊಟ್ಟೆಯ ಬಿಳಿಯ ಹಾಗೆ ದಾರ ಇಳಿಯುತ್ತದೆ. ಅದೇ ಹದ, ಆಗಲೇ ಒಲೆಯಿಂದ ಇಳಿಸಿ, ಬಿಸಿ ಇರುವಾಗಲೇ ತೆಳು ಬಟ್ಟೆಯಲ್ಲಿ ಸೋಸಿ. ಆರಿದರೆ ಬೀಜ ಬಿಡುವುದೇ ಇಲ್ಲ, ಹಿಂಡಿ ಹಿಂಡಿ ಕೈ ಸೋಲುತ್ತದೆ. ಇಲ್ಲಿನ ಸೆಕೆಗೆ ಹೊರಗಿಟ್ಟರೆ ಬೇಗ ಹುಳಿ ವಾಸನೆ ಬರುತ್ತದೆ. ವಾರಕ್ಕೆ ಬೇಕಾದಷ್ಟು ಫ್ರಿಜ್‌ನಲ್ಲಿ, ಉಳಿದದ್ದು ಐಸ್ ಟ್ರೇಯಲ್ಲಿ.

ಹಚ್ಚುವುದು ನೀರು ತೊಟ್ಟಿಕ್ಕುವ ಕೂದಲಿಗೆ, ನಾಲ್ಕು ಭಾಗ ಮಾಡಿ, ಭಾಗಕ್ಕೆ ಒಂದು ದೊಡ್ಡ ಚಮಚ. ತುದಿಯಿಂದ ಬುಡದತ್ತ ಮುಷ್ಟಿಯಲ್ಲಿ ಹಿಂಡುತ್ತಾ ಬನ್ನಿ. ಬೈರಾಸಿನಿಂದ (ಟವೆಲಿನಿಂದ) ಉಜ್ಜಬೇಡಿ, ಹಳೆಯ ಹತ್ತಿ ಪಂಚೆಯಲ್ಲಿ ಒತ್ತಿದರೆ ಸಾಕು. ಒಣಗಿದಾಗ ಕೂದಲು ಗರಿಗರಿ ಎನ್ನುತ್ತದೆ, ಗಾಬರಿ ಬೇಡ. ಪೂರ್ತಿ ಒಣಗಿದ ಮೇಲೆ ಅಂಗೈಗೆ ಎರಡೇ ಹನಿ ತೆಂಗಿನೆಣ್ಣೆ ಸವರಿ ಮುಷ್ಟಿ ಹಿಂಡಿದರೆ ಮೆದುವಾಗುತ್ತದೆ. ಅರ್ಧ ಒಣಗಿದಾಗ ಮುಟ್ಟಿದರೆ ಮಾಡಿದ್ದೆಲ್ಲ ಹಾಳು.

ಉತ್ತರ: ಅಂಗಳದಲ್ಲೇ ದಾಸವಾಳ ಇರುವಾಗ ಕಂಡೀಷನರಿಗೆ ಯಾಕೆ ದುಡ್ಡು, ಮಾರಾಯ್ರೆ? ಇಪ್ಪತ್ತು ಎಲೆ, ಎರಡು ಲೋಟ ನೀರು, ಕೈಯಲ್ಲೇ ಕಿವುಚಿ ಗೊಂಪು (ಲೋಳೆ) ತೆಗೆಯಿರಿ. ಮಿಕ್ಸಿಗೆ ಹಾಕಿದರೆ ಎಲೆಯ ಚೂರು ಸುರುಳಿಯಲ್ಲಿ ಸಿಕ್ಕಿ ಎರಡು ದಿನ ಉದುರುತ್ತಾ ಇರುತ್ತದೆ. ಸೀಗೆಪುಡಿಯದ್ದೂ ಅದೇ ಕತೆ; ಕಾಯಿ ಕುದಿಸಿ ಸೋಸಿದ ನೀರು ಮಾತ್ರ ಹಾಕಿ. ಗೊಂಪು ಇರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಬಿಡಿಸಿ. ಒಣ ಗುಂಗುರಿಗೆ ಬಾಚಣಿಗೆ ಹಾಕುವ ಹಾಗೇ ಇಲ್ಲ.

ಉತ್ತರ: ಗೊಂಪು ಒಳ್ಳೆಯದೇ, ಆದರೆ ಎಣ್ಣೆ ಸುರಿದ ತಲೆಯನ್ನು ಅದೊಂದೇ ಶುಚಿ ಮಾಡಲಾರದು. ತೆಂಗಿನೆಣ್ಣೆ ಕೂದಲೊಳಗೆ ಇಳಿಯುವ ಎಣ್ಣೆ, ತೊಳೆಯುವಾಗಿನ ಸವೆತ ಕಡಿಮೆ ಮಾಡುತ್ತದೆ. ಹಾಗಾಗಿ ಮೀಯುವ ಒಂದೆರಡು ಗಂಟೆ ಮೊದಲು ಕೂದಲ ಉದ್ದಕ್ಕೆ ಹಚ್ಚಿ. ಹೊಟ್ಟು ಇದ್ದರೆ ನೆತ್ತಿಗೆ ಬೇಡವೇ ಬೇಡ: ಹೊಟ್ಟಿಗೆ ಕಾರಣವಾಗುವ ಯೀಸ್ಟ್‌ಗೆ ಎಣ್ಣೆಯೇ ಊಟ.

ಉತ್ತರ: ಮಳೆಗಾಲದಲ್ಲಿ ರಾತ್ರಿ ತಲೆಗೆ ಮೀಯಿಸಬೇಡಿ. ಒದ್ದೆ ಜಡೆ ಬೆಳಿಗ್ಗೆಗೂ ಒಣಗುವುದಿಲ್ಲ, ಮುಗ್ಗಲು ವಾಸನೆ ಹಿಡಿಯುತ್ತದೆ. ಮಲಗುವಾಗ ನೆತ್ತಿಯ ಮೇಲೆ ಸಡಿಲ ಜುಟ್ಟು, ತಲೆದಿಂಬಿಗೆ ಹಳೆ ರೇಷ್ಮೆ ಸೀರೆಯ ತುಂಡು. ಸ್ಕೂಟರಿನಲ್ಲಿ ಹೋಗುವುದಾದರೆ ಹೆಲ್ಮೆಟ್ ಒಳಗೆ ಸ್ಯಾಟಿನ್ ಟೊಪ್ಪಿ. ಮದುವೆಗೆ ಮಲ್ಲಿಗೆ ಮುಡಿಸುವಾಗ ರಬ್ಬರ್ ಬ್ಯಾಂಡ್ ಬಿಗಿಯಬೇಡಿ. ಅರ್ಧ ಕೂದಲನ್ನು ಸಡಿಲವಾಗಿ ತಿರುಚಿ, ಚೆಂಡಿನ (ಬಾಳೆನಾರಿನಲ್ಲಿ ಕಟ್ಟಿದ ಹೂಮಾಲೆಯ) ಎರಡೂ ತುದಿಗೆ ಯು-ಪಿನ್ ಹಾಕಿ. ತೆಗೆಯುವಾಗ ಮೊದಲು ಪಿನ್, ಆಮೇಲೆ ಹೂ. ಎಳೆದರೆ ಬಾಳೆನಾರಿಗೆ ಸುತ್ತಿಕೊಂಡ ಕೂದಲೂ ಕಿತ್ತು ಬರುತ್ತದೆ.