ವಯಬಿಲಿಟಿ ಗ್ಯಾಪ್ ಫಂಡಿಂಗ್‌ಗೆ ಕನ್ನಡದಾಗ ಏನಂತೀರಿ?

ಎಲ್ಲಾರಿಗೂ ನಮಸ್ಕಾರ್ರಿ. ಇಲ್ಲಿ ಪುಣೆದಾಗ ನಮ್ಮ ಕನ್ನಡ ಬಳಗದ ಪತ್ರಿಕೆಗೆ ಮೆಟ್ರೋದ ಹೊಸಾ ಲೈನುಗಳ ಬಗ್ಗೆ ಬರೀಲಿಕ್ಕೆ ಕೂತೀನಿ, ಸ್ಟೇಷನ್ನು, ಕಿಲೋಮೀಟರು ಎಲ್ಲಾ ಸಲೀಸಾಗಿ ಬಂತು, ರೊಕ್ಕದ ಮಾತಿಗೆ ಬಂದಕೂಡ್ಲೆ ಶಬ್ದನ ಸಿಗವಲ್ಲವು.

ಹಿಂಜವಡಿ–ಶಿವಾಜಿನಗರ ಲೈನು ಪಿಪಿಪಿ (ಸರಕಾರ, ಖಾಸಗಿ ಕಂಪನಿ ಕೂಡಿ ಮಾಡೋ) ಮಾದರಿದು, ಟಾಟಾ–ಸೀಮೆನ್ಸ್ ಕಡೆಯವ್ರು 35 ವರ್ಷದ ಕರಾರಿನ ಮ್ಯಾಲೆ ಕಟ್ಟಿ ನಡಸೋದು. ಬರೇ ಟಿಕೆಟಿನ ಗಳಿಕೆಯೊಳಗ ಅಷ್ಟು ಖರ್ಚು ಗಿಟ್ಟೂದಿಲ್ಲ, ಹಂಗಾಗಿ ಕಡಿಮಿ ಬೀಳೋದನ್ನ ಸರಕಾರ ತುಂಬತದ, ಅದ ವಯಬಿಲಿಟಿ ಗ್ಯಾಪ್ ಫಂಡಿಂಗು. ಕೇಂದ್ರದ ಸ್ಕೀಮಿನಾಗ ಸಾಮಾನ್ಯವಾಗಿ ಖರ್ಚಿನ 20% ತನಕಾ ಕೊಡತಾರ. ನಾ "ಕಾರ್ಯಸಾಧ್ಯತಾ ಅಂತರ ನಿಧಿ" ಅಂತ ಬರದಿದ್ದೆ, ಕರಡು ಓದಿದ ಕಾಕಾ ಒಬ್ರು "ಅಂತರ ಅಂದ್ರ ಎರಡು ಸ್ಟೇಷನ್ ನಡುವಿನ ದೂರ ಏನಪಾ?" ಅಂದ್ರು. ಅವರ ತಪ್ಪೇನಿಲ್ಲ ಬಿಡ್ರಿ, ಇನ್ನೊಂದು ಮೆಟ್ರೋ ಲೈನು, ಸ್ವಾರಗೇಟ್–ಕಾತ್ರಜ್, 5.46 ಕಿಮೀಗೆ ಮಂಜೂರಾದಾಗ ಮೂರ ಸ್ಟೇಷನ್ ಇದ್ವು, ದೂರದ್ದ ಚರ್ಚೆ ಆಗ್ತಿತ್ತು ಆಗ!

"ನಷ್ಟಭರ್ತಿ" ಅಂದ್ರ ಹೆಂಗ? ನನಗ ಒಪ್ಪಿಗಿ ಇಲ್ಲ. ಇಲ್ಲಿನ ಊರ ಬಸ್ ಸಂಸ್ಥೆ ಪಿಎಂಪಿಎಂಎಲ್‌ನ ನಷ್ಟ ಪುಣೆ, ಪಿಂಪ್ರಿ-ಚಿಂಚವಡ ಎರಡೂ ಪಾಲಿಕೆ ವರ್ಷಾವರ್ಷಾ ತುಂಬತಾವಲ್ಲ, ಅದು ನಷ್ಟಭರ್ತಿ. ಇದು ಗಾಡಿ ಓಡೂಕಿಂತ ಮೊದಲ, ಕಟ್ಟೋ ಹೊತ್ತಿಗೆ ಕೊಡೋ ರೊಕ್ಕ, ಎರಡೂ ಒಂದ ಅಲ್ಲ. "ಕಟ್ಟಡ ಕೊರತಿ ಸಹಾಯಧನ" ಅಂತ ನಾನ ಹೊಸೆದೀನಿ, ಆದ್ರ ಓದಿದ್ರ ಗುಡಿ ಕಟ್ಟೋ ಪಾವತಿ ಪುಸ್ತಕದ ಹೆಸರಿನಂಗ ಕೇಳಸ್ತದ.

ಇನ್ನೊಂದು ತೊಡಕಿನ ಶಬ್ದ "ಅನುದಾನ". ಕಾತ್ರಜ್ ಲೈನಿಗೆ 2024ರ ಆಗಸ್ಟಿನಾಗ ಕೇಂದ್ರ ಸಂಪುಟ 2,954.53 ಕೋಟಿಯ ಅಂದಾಜಿಗೆ ಒಪ್ಪಿಗಿ ಕೊಟ್ಟಿತು, ನಮ್ಮವ್ರು ಅದನ್ನ "ಅಷ್ಟೂ ಅನುದಾನ ಬಂತು" ಅಂತ ವಾಟ್ಸಾಪಿನಾಗ ಓಡ್ಸಿದ್ರು. ಅಸಲಿಗೆ ಕೇಂದ್ರ, ರಾಜ್ಯ ಸಮಸಮ ಪಾಲು ಹಾಕಬೇಕು, ಜೊತಿಗೆ ಹೊರದೇಶದ ಸಂಸ್ಥೆಗಳ ಸಾಲದ ಹಣಾನೂ ಸೇರತದ. ತಿರುಗಿ ಕೊಡಬೇಕಾದ ಸಾಲಾನೂ ಅನುದಾನ ಅಂದ್ರ ಓದೋವ್ರಿಗೆ ಪುಕ್ಕಟೆ ಅನಸ್ತದ. ಒಟ್ಟು ಮೊತ್ತಕ್ಕ "ಹಣ ಹೊಂದಿಕೆ" ಅಂತ ಇಟ್ಟೀನಿ, ಇದು ನಡೀತದಂತ ಅನ್ಕೊಂಡೀನಿ, ಬ್ಯಾಡ ಅನ್ನೋವ್ರು ಕಾರಣ ಹೇಳ್ರಿ.

ಮೊದಲಿನದಕ್ಕ, ಅಂದ್ರ ವಯಬಿಲಿಟಿ ಗ್ಯಾಪ್ ಫಂಡಿಂಗಿಗೆ ಮಾತ್ರ, ಕಲಬುರಗಿ, ಬೆಳಗಾವಿ ಕಡೆ ಸರಕಾರಿ ಲೆಕ್ಕಪತ್ರ ಬರೀತಿದ್ದ ಹಿರೇರು ಯಾರರೆ ಇದ್ರ, ಆಫೀಸಿನಾಗ ಯಾವ ಶಬ್ದ ಬಳಸ್ತಿದ್ರಿ ಅಂತ ತಿಳಸ್ರಿ. ಪತ್ರಿಕೆ ಬರೋ ವಾರ ಪ್ರೆಸ್ಸಿಗೆ ಹೋಗತದ.