100 ಗಜದಲ್ಲಿ ಒತ್ತಾಗಿ ಬೀಳುವ ತೋಟಾ 600 ಗಜದಲ್ಲಿ ಮೇಲೆ ಕೆಳಗೆ ಚದುರುವುದೇಕೆ?

ಪ್ರಶ್ನೆ:
ನಾನು ಅಮೆರಿಕದ ಟೆಕ್ಸಸ್‌ನಲ್ಲಿ ನೆಲೆಸಿದ್ದು, ಎರಡು ವರ್ಷಗಳಿಂದ .308 ವಿಂಚೆಸ್ಟರ್ ರೈಫಲ್‌ಗೆ ಮನೆಯಲ್ಲಿಯೇ ತೋಟಾ ತುಂಬಿಕೊಂಡು ಎಫ್-ಟಿಆರ್ (ಎರಡು ಕಾಲಿನ ಆಸರೆಯ ಮೇಲೆ ರೈಫಲ್ ಇಟ್ಟು, ಮಲಗಿ ದೂರದ ಗುರಿಗೆ ಹೊಡೆಯುವ) ಸ್ಪರ್ಧೆಗಳಲ್ಲಿ ಭಾಗವಹಿಸುತ್ತಿದ್ದೇನೆ. 100 ಗಜದಲ್ಲಿ ಐದು ಗುಂಡುಗಳು ಅರ್ಧ ಇಂಚಿನೊಳಗೆ ಬೀಳುತ್ತವೆ. ಆದರೆ 600 ಗಜದಲ್ಲಿ ಅದೇ ತೋಟಾ ಮೇಲೆ ಕೆಳಗೆ ಏಳು ಇಂಚಿನಷ್ಟು ಚದುರುತ್ತದೆ. ಅಡ್ಡಕ್ಕೆ ಅಷ್ಟು ಹರಡುವುದಿಲ್ಲ. ಆ ದೂರದ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸವೇ 6 ಇಂಚು ಆಗಿರುವುದರಿಂದ ಪ್ರತಿ ಬಾರಿಯೂ ಅಂಕಗಳು ಕೈತಪ್ಪುತ್ತಿವೆ. ಐದು ಗುಂಡು ಹಾರಿಸಿ ಅಳೆದಾಗ ವೇಗದ ಪ್ರಮಾಣಿತ ವಿಚಲನೆ (ಗುಂಡಿನಿಂದ ಗುಂಡಿಗೆ ವೇಗ ಎಷ್ಟು ಏರುಪೇರಾಗುತ್ತದೆ ಎಂಬುದರ ಅಳತೆ) ಸೆಕೆಂಡಿಗೆ 8 ಅಡಿ ಮಾತ್ರ ಇತ್ತು. ಕೇಸ್‌ಗಳು (ಮದ್ದು ತುಂಬುವ ಹಿತ್ತಾಳೆಯ ಕವಚಗಳು) ಬೇರೆ ಬೇರೆ ತಯಾರಕರವು. ಮದ್ದನ್ನು ತೂಗದೆ, ಅಳತೆಪಾತ್ರೆಯಿಂದ ನೇರವಾಗಿ ತುಂಬುತ್ತೇನೆ. ಮದ್ದನ್ನೇ ಬದಲಿಸಬೇಕೆ?

ಉತ್ತರ 1:
ಮದ್ದನ್ನು ಬದಲಿಸುವ ಮೊದಲು ಆ 8 ಎಂಬ ಅಂಕಿಯನ್ನು ಅನುಮಾನಿಸಿ ಸರ್. ಐದೇ ಗುಂಡುಗಳಿಂದ 8 ಬಂದಿದ್ದರೆ, ಶೇ 95ರ ವಿಶ್ವಾಸಮಿತಿಯಲ್ಲಿ ನಿಜವಾದ ವಿಚಲನೆ ಸುಮಾರು 5ರಿಂದ 23ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಇಪ್ಪತ್ತು ಗುಂಡುಗಳಿಂದ ಅದೇ 8 ಬಂದಿದ್ದರೆ ಈ ವ್ಯಾಪ್ತಿ 6ರಿಂದ 12ಕ್ಕೆ ಕುಗ್ಗುತ್ತದೆ. ನಿಮ್ಮ ರೈಫಲ್‌ನಲ್ಲಿ ವೇಗ ಸೆಕೆಂಡಿಗೆ 10 ಅಡಿ ಹೆಚ್ಚುಕಡಿಮೆಯಾದರೆ 600 ಗಜದಲ್ಲಿ ಗುಂಡು ಹೆಚ್ಚುಕಡಿಮೆ ಒಂದು ಇಂಚು ಮೇಲೆ ಅಥವಾ ಕೆಳಗೆ ಹೋಗುತ್ತದೆ, ಆದರೆ 100 ಗಜದಲ್ಲಿ ಆ ವ್ಯತ್ಯಾಸ ಕಣ್ಣಿಗೆ ಕಾಣುವುದೇ ಇಲ್ಲ. ಹಾಗಾಗಿ ಹತ್ತಿರದ ಹಲಗೆ ನೋಡಿ ದೂರದ ತೋಟಾವನ್ನು ಆಯ್ಕೆ ಮಾಡುವುದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಉತ್ತರ 2:
ನನಗೆ ಮೊದಲು ಅನುಮಾನ ಬರುವುದು ಕೇಸ್‌ಗಳ ಮೇಲೆ. ಹೊರಗಿನ ಅಳತೆ ಒಂದೇ ಆಗಿದ್ದರೂ ಗೋಡೆಯ ದಪ್ಪ ಬೇರೆಯಾದರೆ ಒಳಗಿನ ಜಾಗ ಬೇರೆಯಾಗುತ್ತದೆ. ಅಷ್ಟೇ ಮದ್ದು ಇಕ್ಕಟ್ಟಿನ ಜಾಗದಲ್ಲಿ ಉರಿದಾಗ ಒತ್ತಡವೂ ವೇಗವೂ ಏರುತ್ತವೆ. ಸೇನೆಯ 7.62 ಕೇಸ್‌ಗಳ ಗೋಡೆ ಸಾಮಾನ್ಯವಾಗಿ ದಪ್ಪವಿರುವುದರಿಂದ ಅವನ್ನು ಬೆರೆಸುವುದು ಅಪಾಯಕಾರಿಯೂ ಹೌದು. ಒಂದೇ ತಯಾರಕರ ಒಂದೇ ಲಾಟಿನ ಕೇಸ್‌ಗಳನ್ನು ಬಳಸಿ, ಮತ್ತು ಕೇಸ್, ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಭಾಗ) ಅಥವಾ ಮದ್ದು ಯಾವುದು ಬದಲಾದರೂ ಕೈಪಿಡಿಯ ಆರಂಭಿಕ ಪ್ರಮಾಣಕ್ಕೆ ಇಳಿದು ಅಲ್ಲಿಂದಲೇ ಮತ್ತೆ ಏರಿ. ನಿಮ್ಮದು ಉದ್ದ ಕಡ್ಡಿಯಂತಹ ಮದ್ದಾಗಿದ್ದರೆ ಅಳತೆಪಾತ್ರೆಯಲ್ಲಿ ಅದು ಸಮನಾಗಿ ಇಳಿಯುವುದಿಲ್ಲ, ಪ್ರತಿಯೊಂದನ್ನೂ 0.1 ಗ್ರೇನ್‌ವರೆಗೆ (ಗ್ರೇನ್ ಎಂದರೆ ಮದ್ದು ತೂಗುವ ಬಹು ಚಿಕ್ಕ ತೂಕದ ಅಳತೆ) ತೂಗಿ ತುಂಬಿ. ಹಲವು ಬಾರಿ ಬಳಸಿದ ಕೇಸ್‌ನ ಕುತ್ತಿಗೆ ಗಡುಸಾಗಿ, ಗುಂಡನ್ನು ಹಿಡಿಯುವ ಬಿಗಿ ಒಂದೊಂದರಲ್ಲಿ ಒಂದೊಂದು ಬಗೆಯಾಗುತ್ತದೆ. ಕುತ್ತಿಗೆಯನ್ನು ಹದವಾಗಿ ಕಾಯಿಸಿದರೆ ಲೋಹ ಮತ್ತೆ ಮೆದುವಾಗುತ್ತದೆ.

ಇದನ್ನು ಓದುವ ಊರಿನವರಿಗೆ ಒಂದು ಮಾತು: ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಂತೆ ತೋಟಾ ತಯಾರಿಕೆಗೇ ಪರವಾನಗಿ ಬೇಕು, ಬಂದೂಕಿನ ಪರವಾನಗಿ ಸಾಲದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಹಳೆಯ ತೋಟಾಗಳಲ್ಲಿ ಇಪ್ಪತ್ತನ್ನು ಇಂದು ಬೆಳಿಗ್ಗೆ ಅಳೆದಾಗ ವಿಚಲನೆ 17 ಬಂದಿತು, ಅತಿ ವೇಗದ ಮತ್ತು ಅತಿ ನಿಧಾನದ ಗುಂಡುಗಳ ನಡುವೆ ಸೆಕೆಂಡಿಗೆ 61 ಅಡಿ ಅಂತರವಿತ್ತು. ಒಂದೇ ಲಾಟಿನ ನೂರು ಕೇಸ್‌ಗಳನ್ನು ತರಿಸುತ್ತಿದ್ದೇನೆ. ಮದ್ದನ್ನು ಬದಲಿಸುವುದಿಲ್ಲ, ಆದರೆ ಆರಂಭಿಕ ಪ್ರಮಾಣದಿಂದಲೇ, ಪ್ರತಿಯೊಂದನ್ನೂ ತೂಗಿ ಶುರುಮಾಡುತ್ತೇನೆ.